ಇಪ್ಪತ್ತೈದು ಸೆಂಟಿಗೆ ಬೀಥೋವನ್

ಬಾಸ್ಟನ್ ಬಂದರಿನ ಅಂಚಿನಲ್ಲಿ ಇಂಡಿಯಾ ವಾರ್ಫ್ ಎಂಬ ಜಾಗವಿದೆ. ಹಿಂದೆ ಅಲ್ಲಿ ಇಟ್ಟಿಗೆಯ ದೊಡ್ಡ ಮಳಿಗೆಗಳ ಸಾಲಿತ್ತು. ಈಗ ನಲವತ್ತು ಅಂತಸ್ತಿನ ಎರಡು ವಸತಿ ಗೋಪುರಗಳು ನಿಂತಿವೆ. ನಾನು ಈ ಊರಿನಲ್ಲಿ ಮೊದಲು ನೋಡಬೇಕೆಂದದ್ದು ಇದನ್ನೇ. ಇಲ್ಲಿ ಓದುತ್ತಿರುವ ಅಣ್ಣನ ಮಗಳು ನನ್ನನ್ನು ಕರೆತಂದು, ಸುತ್ತ ಒಮ್ಮೆ ನೋಡಿ, "ಏನಿದೆ ಚಿಕ್ಕಪ್ಪ ಇಲ್ಲಿ? ಬರೀ ನೀರು, ಅಪಾರ್ಟ್‌ಮೆಂಟು" ಎಂದಳು.

ನನಗೆ ಆ ನೀರಿನ ಮೇಲೆ ಹಡಗುಗಳು ಕಾಣುತ್ತಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಊರಿನ ಹಡಗುಗಳು ಆಫ್ರಿಕಾದ ತುದಿಯನ್ನು ಬಳಸಿಕೊಂಡು ಕಲ್ಕತ್ತೆಗೆ ಹೋಗಿಬರುತ್ತಿದ್ದವು. 1833ರಲ್ಲಿ ಫ್ರೆಡರಿಕ್ ಟ್ಯೂಡರ್ ಎಂಬ ಬಾಸ್ಟನ್ನಿನ ವರ್ತಕ ಇಲ್ಲಿನ ಮಂಜುಗಡ್ಡೆಯನ್ನು ಹಡಗಿಗೇರಿಸಿ ಕಲ್ಕತ್ತೆಯ ಸೆಕೆಗೆ ಕಳಿಸಿದ. ಮದ್ರಾಸಿನ ಕಡಲತೀರದಲ್ಲಿ ವಿವೇಕಾನಂದರು 1897ರಲ್ಲಿ ತಂಗಿದ್ದ ಐಸ್ ಹೌಸ್ ಕೂಡ ಮೊದಲು ಈ ವ್ಯಾಪಾರಕ್ಕೆಂದೇ ಕಟ್ಟಿದ ಉಗ್ರಾಣ. ಅದನ್ನು ಹೇಳಿದಾಗ ಅವಳ ಕಣ್ಣು ಅಗಲವಾಯಿತು. ಅಂಥ ಇಂಡಿಯಾ ವರ್ತಕರೊಬ್ಬರ ಕಚೇರಿಯಲ್ಲಿ 1855ರಲ್ಲಿ ಇಪ್ಪತ್ತರ ಹರೆಯದ ಗುಮಾಸ್ತನೊಬ್ಬ ಸೇರಿಕೊಂಡ. ಕಣ್ಣುಬೇನೆಯಿಂದ ಹಾರ್ವರ್ಡ್ ಓದನ್ನು ಅರ್ಧಕ್ಕೇ ಬಿಟ್ಟಿದ್ದ ಹುಡುಗ. ಹೆಸರು ಹೆನ್ರಿ ಲೀ ಹಿಗ್ಗಿನ್ಸನ್. ಇದೇ ಕಟ್ಟೆಯ ಮೇಲೆ ಸರಕಿನ ಲೆಕ್ಕ ಬರೆಯುತ್ತಿದ್ದ ಅವನ ಮನಸ್ಸೆಲ್ಲ ಪಿಯಾನೊದ ಮೇಲಿತ್ತು. ಮುಂದೆ ಅವನು ಅಮೆರಿಕದ ದೊಡ್ಡ ಬ್ಯಾಂಕರುಗಳಲ್ಲಿ ಒಬ್ಬನಾದ. ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾವನ್ನು ಹುಟ್ಟುಹಾಕಿ, 37 ವರ್ಷ ಅದರ ನಷ್ಟವನ್ನೆಲ್ಲ ತನ್ನ ಜೇಬಿನಿಂದ ತುಂಬಿದ.

ಗುಮಾಸ್ತಿಕೆ ಎರಡು ವರ್ಷವೂ ನಡೆಯಲಿಲ್ಲ. 1856ರಲ್ಲಿ ಅವನು ವಿಯೆನ್ನಾಕ್ಕೆ ಹೋದ. ಮೊಟ್ಸಾರ್ಟ್, ಬೀಥೋವನ್, ಶೂಬರ್ಟ್ ಬದುಕಿದ್ದ ಊರು ಅದು. ಅಲ್ಲಿ ಪಿಯಾನೊ, ಹಾಡುಗಾರಿಕೆ, ಸ್ವರಮೇಳದ ಶಾಸ್ತ್ರ ಎಲ್ಲವನ್ನೂ ಗುರುಗಳ ಬಳಿ ಕಲಿತ. ದಿನವಿಡೀ ಸಾಧನೆ, ಸಂಜೆ ಕಛೇರಿ. ಆದರೆ ತೋಳು ಕೈಕೊಟ್ಟಿತು. ಅತಿಯಾದ ಸಾಧನೆಯಿಂದ ನೋವು ಕೂತುಬಿಟ್ಟು, ವಾದಕನಾಗುವ ದಾರಿ ಮುಚ್ಚಿತು. ಕೈ ಚೆನ್ನಾಗಿದ್ದಿದ್ದರೂ ತನ್ನಲ್ಲಿ ದೊಡ್ಡ ಪ್ರತಿಭೆ ಇಲ್ಲವೆಂಬುದನ್ನು ಅವನೇ ಕಂಡುಕೊಂಡಿದ್ದ. ಸಂಗೀತಕ್ಕಾಗಿ ಕಡಲು ದಾಟಿ ಬಂದವನಿಗೆ ಇದಕ್ಕಿಂತ ಕಠಿಣವಾದ ಅರಿವು ಬೇರೆ ಇರಲಾರದು. 1860ರ ಕೊನೆಯಲ್ಲಿ ಊರಿಗೆ ಮರಳಿದ. ಆದರೆ ವಿಯೆನ್ನಾದಲ್ಲಿ ಕಿವಿಗೆ ಬಿದ್ದದ್ದು ಹಾಗೇ ಉಳಿದುಕೊಂಡಿತು. ಅಲ್ಲಿ ಸಾಮಾನ್ಯ ಜನ ಅಗ್ಗದ ದರಕ್ಕೆ ಒಳ್ಳೆಯ ಆರ್ಕೆಸ್ಟ್ರಾ ಕೇಳುತ್ತಿದ್ದರು. ತನ್ನ ಊರಿನಲ್ಲಿ ಅದೇಕೆ ಆಗಬಾರದು ಎಂಬ ಪ್ರಶ್ನೆಯನ್ನು ಅವನು ಇಪ್ಪತ್ತು ವರ್ಷ ಹೊತ್ತು ತಿರುಗಿದ.

ಆ ಇಪ್ಪತ್ತು ವರ್ಷ ಸುಲಭದ್ದಲ್ಲ. ಮರಳಿದ ಮರುವರ್ಷವೇ ಅಂತರ್ಯುದ್ಧ. ಮಸಾಚುಸೆಟ್ಸ್‌ನ ಒಂದನೆಯ ಅಶ್ವದಳ ಸೇರಿದ. 1863ರ ಜೂನ್ 17ರಂದು ವರ್ಜೀನಿಯಾದ ಆಲ್ಡೀಯಲ್ಲಿ ನಡೆದ ಕಾಳಗದಲ್ಲಿ ಮುಖಕ್ಕೆ ಕತ್ತಿಯೇಟು, ಬೆನ್ನಿಗೆ ಗುಂಡೇಟು. ಅದೇ ವರ್ಷಾಂತ್ಯದಲ್ಲಿ ಹಾರ್ವರ್ಡಿನ ಹೆಸರಾಂತ ಪ್ರಕೃತಿ ವಿಜ್ಞಾನಿ ಲೂಯಿ ಅಗಾಸ್ಸೀಯ ಮಗಳು ಐಡಾಳನ್ನು ಮದುವೆಯಾದ. ಒಹಾಯೊದಲ್ಲಿ ಎಣ್ಣೆ ಬಾವಿಯ ಕೆಲಸ ಹಿಡಿದ, ಕೈಗೆ ಏನೂ ಹತ್ತಲಿಲ್ಲ. ಜಾರ್ಜಿಯಾದಲ್ಲಿ ಗೆಳೆಯರೊಂದಿಗೆ ಹತ್ತಿ ತೋಟ ಕೊಂಡು, ಗುಲಾಮಗಿರಿಯಿಂದ ಬಿಡುಗಡೆಯಾದವರಿಗೆ ಕೂಲಿ ಕೊಟ್ಟು ಬೇಸಾಯ ಮಾಡಿಸಿದ. ಅದೂ ಮುಳುಗಿತು. 1868ರಲ್ಲಿ ಬೇರೆ ದಾರಿಯಿಲ್ಲದೆ, ತಂದೆ ಪಾಲುದಾರನಾಗಿದ್ದ ಲೀ ಹಿಗ್ಗಿನ್ಸನ್ ಬ್ಯಾಂಕಿಗೆ ಸೇರಿದ. ಅಲ್ಲಿ ಹಣ ಬಂತು.

ಹಣ ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು. ರೈಲು ಮಾರ್ಗಗಳಿಂದ ಬಂತು. ಹೆಚ್ಚಾಗಿ ಸುಪೀರಿಯರ್ ಸರೋವರದ ದಂಡೆಯ ಕ್ಯಾಲುಮೆಟ್ ಆಂಡ್ ಹೆಕ್ಲಾ ತಾಮ್ರದ ಗಣಿಯಿಂದ ಬಂತು. ಹೆಂಡತಿಯ ಅಣ್ಣ ಅಲೆಕ್ಸಾಂಡರ್ ಅಗಾಸ್ಸೀ ಆ ಕಂಪನಿಯ ಅಧ್ಯಕ್ಷ. ಆ ಗಣಿಗಳ ಆಳದಲ್ಲಿ ಫಿನ್ಲೆಂಡ್, ಇಟಲಿ, ಕ್ರೊಯೇಶಿಯಾ, ಕಾರ್ನ್‌ವಾಲ್‌ಗಳಿಂದ ಬಂದವರು ದುಡಿಯುತ್ತಿದ್ದರು. 1913ರಲ್ಲಿ ಅವರು ಮುಷ್ಕರ ಹೂಡಿದರು. ಆ ಡಿಸೆಂಬರ್ 24ರಂದು ಮುಷ್ಕರ ನಿರತರ ಮಕ್ಕಳಿಗಾಗಿ ನಡೆದ ಕ್ರಿಸ್‌ಮಸ್ ಕೂಟದಲ್ಲಿ ಯಾರೋ ಬೆಂಕಿ ಎಂದು ಸುಳ್ಳೇ ಕೂಗಿದರು. ಮೆಟ್ಟಿಲ ಮೇಲಿನ ನೂಕುನುಗ್ಗಲಿನಲ್ಲಿ 73 ಜನ ಸತ್ತರು, ಹೆಚ್ಚಿನವರು ಮಕ್ಕಳು. ಹಿಗ್ಗಿನ್ಸನ್ನನ ಸಂಗೀತದ ಕಥೆ ಹೇಳುವವರು ಈ ಗಣಿಯನ್ನು ಬಿಟ್ಟು ಹೇಳಬಾರದು ಎಂಬುದು ನನ್ನ ಭಾವನೆ. ಬಾಸ್ಟನ್ನಿನ ಪಿಟೀಲುಗಳ ಸಂಬಳದಲ್ಲಿ ಆ ಕತ್ತಲಲ್ಲಿ ದುಡಿದವರ ಬೆವರೂ ಸೇರಿತ್ತು.

1881ರ ಮಾರ್ಚ್ ಕೊನೆಯಲ್ಲಿ ಬಾಸ್ಟನ್ನಿನ ಪತ್ರಿಕೆಗಳಲ್ಲಿ ಅವನ ಯೋಜನೆ ಪ್ರಕಟವಾಯಿತು. ಅದರ ಹಿಂದಿದ್ದ ಲೆಕ್ಕಾಚಾರ ನೋಡಿದರೆ ಗುಮಾಸ್ತಿಕೆಯ ಪಾಠ ವ್ಯರ್ಥವಾಗಿರಲಿಲ್ಲ ಎನಿಸುತ್ತದೆ. ಅರವತ್ತು ಜನ ವಾದಕರು, ಅವರನ್ನು ನಡೆಸುವ ಒಬ್ಬ ನಿರ್ವಾಹಕ (ಕಂಡಕ್ಟರ್). ವರ್ಷಕ್ಕೆ 1,15,000 ಡಾಲರ್ ಖರ್ಚು. ಟಿಕೆಟ್ ಮಾರಿದ ಮೇಲೂ 50,000 ಡಾಲರ್ ಕಡಿಮೆ ಬೀಳುತ್ತದೆ; ಅದನ್ನು ತುಂಬಲು ಹತ್ತು ಲಕ್ಷ ಡಾಲರಿನ ಮೂಲಧನ ಬೇಕು. ಕಛೇರಿಗೆ ಟಿಕೆಟ್ ದರ 50 ಸೆಂಟು, 25 ಸೆಂಟು. ಸಾರ್ವಜನಿಕ ಪೂರ್ವಾಭ್ಯಾಸಕ್ಕೆ 25 ಸೆಂಟು ಮಾತ್ರ. ನಷ್ಟವಾಗುತ್ತದೆಂದು ಗೊತ್ತಿದ್ದೇ ದರವನ್ನು ಕೆಳಗಿಟ್ಟ ವ್ಯಾಪಾರಿ! ಲಾಭದ ಲೆಕ್ಕದಲ್ಲಿ ಪಳಗಿದ ಕೈಯೊಂದು ಕೂತು, ಪ್ರತಿ ವರ್ಷ ಇಷ್ಟು ಕಳೆದುಕೊಳ್ಳುತ್ತೇನೆ ಎಂದು ತಣ್ಣಗೆ ಬರೆದಿಟ್ಟದ್ದು ನನಗೆ ಇಂದಿಗೂ ಬೆರಗು. ಅಕ್ಟೋಬರ್ 22ರಂದು ಹಳೆಯ ಬಾಸ್ಟನ್ ಮ್ಯೂಸಿಕ್ ಹಾಲಿನಲ್ಲಿ ಜಾರ್ಜ್ ಹೆನ್ಷೆಲ್ ನಿರ್ವಹಣೆಯಲ್ಲಿ ಮೊದಲ ಕಛೇರಿ ನಡೆಯಿತು.

ಯಾವ ಕೃತಿ ನುಡಿಸಬೇಕು ಎಂಬುದು ನಿರ್ವಾಹಕನಿಗೆ ಬಿಟ್ಟದ್ದು. ಹಣ ಕೊಟ್ಟವನು ನಿರ್ವಾಹಕನ ಕೈಯ ಕೋಲಿನ ಕಡೆ ಕೈ ಚಾಚಲಿಲ್ಲ. ವಾದಕರ ಮಟ್ಟಿಗೆ ಮಾತ್ರ ಅವನು ಬಿಗಿ ಮನುಷ್ಯ. ವಾರದಲ್ಲಿ ಬುಧವಾರದಿಂದ ಶನಿವಾರದವರೆಗೆ ನೀವು ನನ್ನವರು, ಬೇರೆಲ್ಲೂ ನುಡಿಸುವಂತಿಲ್ಲ ಎಂದು ಕರಾರು ಹಾಕಿದಾಗ, ನೃತ್ಯಕೂಟಗಳಲ್ಲಿ ನುಡಿಸಿ ಹೊಟ್ಟೆ ಹೊರೆಯುತ್ತಿದ್ದ ಸ್ಥಳೀಯ ಕಲಾವಿದರು ಸಿಡಿದೆದ್ದರು. ಪತ್ರಿಕೆಗಳು ಏಕಸ್ವಾಮ್ಯ ಎಂದು ಜರೆದವು. ವಾದಕರು ಸಂಘ ಕಟ್ಟುವುದನ್ನೂ ಅವನು ಕೊನೆಯವರೆಗೆ ಒಪ್ಪಲಿಲ್ಲ. ಎರಡನೆಯ ನಿರ್ವಾಹಕ ವಿಲ್ಹೆಲ್ಮ್ ಗೆರಿಕ್ ಯುರೋಪಿನಿಂದ ಹೊಸ ವಾದಕರನ್ನು ಕರೆತಂದು ತಂಡವನ್ನು ತಿದ್ದಿ ತೀಡಿದ. ಕಲೆಯ ಒಂದು ಎತ್ತರ ಹೀಗೆ ಬಂತು, ಕೆಲವರ ಅನ್ನ ಹೀಗೆ ಹೋಯಿತು. ಎರಡೂ ನಿಜ.

ನಾವು ಶುಕ್ರವಾರ ಮಧ್ಯಾಹ್ನ ಆ ಆರ್ಕೆಸ್ಟ್ರಾದ ಕಛೇರಿ ಕೇಳಲು, ಮಸಾಚುಸೆಟ್ಸ್ ಅವೆನ್ಯೂ ಹಾಗೂ ಹಂಟಿಂಗ್ಟನ್ ಅವೆನ್ಯೂ ಕೂಡುವ ಮೂಲೆಯಲ್ಲಿರುವ ಅದರ ಭವನ ಸಿಂಫನಿ ಹಾಲಿಗೆ ಹೋದೆವು. ಹೊರಗಿನಿಂದ ಸಾದಾ ಕಟ್ಟಡ; ಕೆಂಪು ಇಟ್ಟಿಗೆ, ಮುಂದೊಂದು ಕಂಬಸಾಲು. ಅಣ್ಣನ ಮಗಳು ದಿನಾ ಇದರ ಎದುರೇ ಬಸ್ಸಿಗೆ ಕಾಯುತ್ತಾಳೆ, ಒಳಗೆ ಕಾಲಿಟ್ಟಿರಲಿಲ್ಲ. ಮೆಟ್ಟಿಲ ಕಬ್ಬಿಣದ ಕಟಕಟೆಯಲ್ಲಿ ಹೆಣೆದ ಅಕ್ಷರಗಳನ್ನು ಅವಳೇ ಮೊದಲು ಗುರುತಿಸಿದಳು: ಬಿ, ಎಂ, ಎಚ್. ಕಟ್ಟುವಾಗ ಈ ಭವನಕ್ಕೂ ಬಾಸ್ಟನ್ ಮ್ಯೂಸಿಕ್ ಹಾಲ್ ಎಂಬ ಹಳೆಯ ಹೆಸರನ್ನೇ ಇಡಬೇಕೆಂದಿದ್ದರಂತೆ. ಹೆಸರು ಬದಲಾಯಿತು, ಕಬ್ಬಿಣದಲ್ಲಿ ಅಕ್ಷರ ಉಳಿಯಿತು.

ಬಾಗಿಲು ತೆರೆದು ಒಳಗೆ ಹೋದವರು ನಿಂತೇಬಿಟ್ಟೆವು. ಉದ್ದನೆಯ, ಎತ್ತರದ, ಕಿರಿದಾದ ಕೋಣೆ. ಅಗಲ 75 ಅಡಿ, ಎತ್ತರ 61 ಅಡಿ. ಚೌಕ ಚೌಕವಾಗಿ ಕೊರೆದ ಚಾವಣಿ. ಗೋಡೆಯ ಮೇಲ್ಭಾಗದ ಗೂಡುಗಳಲ್ಲಿ ಹದಿನಾರು ಬಿಳಿಯ ಪ್ರತಿಮೆಗಳು: ಅಪೊಲೊ, ಡಯಾನಾ, ಸೊಫೊಕ್ಲೀಸ್, ಡೆಮಾಸ್ತನೀಸ್. ಗ್ರೀಕ್, ರೋಮನ್ ಶಿಲ್ಪಗಳ ಪ್ರತಿರೂಪಗಳು. 2,625 ಆಸನಗಳು, ಚರ್ಮ ಹೊದಿಸಿದ ಕುರ್ಚಿಗಳು 1900ನೇ ಇಸವಿಯವು, ಇನ್ನೂ ಅವೇ. ವೇದಿಕೆಯ ಮೇಲಿನ ಚೌಕಟ್ಟಿನ ನಡುವಿನ ಫಲಕದಲ್ಲಿ ಒಂದೇ ಒಂದು ಹೆಸರು, ಬೀಥೋವನ್. ಸುತ್ತಲಿನ ಫಲಕಗಳೆಲ್ಲ ಖಾಲಿ. ಉಳಿದ ಹೆಸರುಗಳ ಬಗ್ಗೆ ಒಮ್ಮತ ಮೂಡಲಿಲ್ಲವಂತೆ. ಹಣ ಕೊಟ್ಟವನ ಹೆಸರನ್ನು ಅಲ್ಲಿ ಕೆತ್ತಿಸಲು ಜಾಗ ಧಾರಾಳವಾಗಿತ್ತು.

ನಮ್ಮ ಆಸನ ಎರಡನೆಯ ಬಾಲ್ಕನಿಯ ಹಿಂಭಾಗ. ಓಬೋ ಶ್ರುತಿ ಹಿಡಿಯಿತು. ಒಂದೇ ಸ್ವರ, ಅದರ ಸುತ್ತ ನೂರು ವಾದ್ಯಗಳು ಬಂದು ಕೂತವು. ತಂಬೂರಿ ಕೇಳಿ ಬೆಳೆದ ಕಿವಿಗೆ ಆ ಗಳಿಗೆ ಗುರುತಿನದು. ಆ ದಿನದ ಮುಖ್ಯ ಕೃತಿ ಬ್ರಾಹ್ಮ್ಸ್‌ನ ನಾಲ್ಕನೆಯ ಸಿಂಫನಿ. ಮೂರನೆಯ ಭಾಗದಲ್ಲಿ ತ್ರಿಕೋನದ ಕಬ್ಬಿಣದ ಸಲಾಕೆಯೊಂದು ಟಿಂಗ್ ಎನ್ನುತ್ತದೆ. ಇಡೀ ಆರ್ಕೆಸ್ಟ್ರಾ ಮೊರೆಯುತ್ತಿದ್ದರೂ ಆ ಟಿಂಗ್ ನೂರು ಅಡಿಗೂ ಮೀರಿ ಹಾರಿ ನಮ್ಮ ತಲೆಯ ಪಕ್ಕದಲ್ಲೇ ಕೂತಂತೆ ಕೇಳಿತು. ಮೂರೂ ಭಾಗ ಬಾಯಿ ಮುಚ್ಚಿ ಕೂತಿದ್ದ ಟ್ರಾಂಬೋನ್ ವಾದಕರು ಕೊನೆಯ ಭಾಗಕ್ಕೆ ವಾದ್ಯ ಎತ್ತಿದರು. ಎಂಟು ಮಾತ್ರೆಗಟ್ಟಿನ ಒಂದು ಸಾಲು. ಅದರ ಮೇಲೆ ಮೂವತ್ತು ರೂಪಾಂತರ. ನಮ್ಮ ವಿದ್ವಾಂಸರು ಪಲ್ಲವಿಯ ಒಂದೇ ಸಾಲನ್ನು ಬಿಡದೆ ಬೆಳೆಸುವ ಹಟ ಇದರಲ್ಲೂ ಇದೆ. ನಡುವೆ ಒಂಟಿ ಕೊಳಲು ಬಂದಾಗ ಆ 2,600 ಜನರ ಕೋಣೆ ಇಬ್ಬರು ಕೂತ ಜಗಲಿಯಷ್ಟು ಹತ್ತಿರವಾಯಿತು. ಮೈಕಿಲ್ಲ, ಸ್ಪೀಕರಿಲ್ಲ. ಮರ, ಗಾರೆ, ಗಾಳಿ ಅಷ್ಟೇ. ನಾನು ಕಣ್ಣೊರೆಸಿಕೊಂಡೆ. ಪಕ್ಕದಲ್ಲಿ ಅವಳೂ.

ನಮ್ಮ ಸಾಲಿನಲ್ಲಿ ಬೆನ್ನುಚೀಲ ಹಾಕಿಕೊಂಡ ಹುಡುಗ ಹುಡುಗಿಯರು ಬಹಳ ಇದ್ದರು. ಉಳಿಸಿಟ್ಟ ಆಸನಗಳನ್ನು ಕಛೇರಿಯ ದಿನವೇ ಕಡಿಮೆ ದರಕ್ಕೆ ಕೊಡುವ ರಷ್ ಟಿಕೆಟ್ ಇಲ್ಲಿ ಈಗಲೂ ಉಂಟು. ಅದರ ಬೇರು ಹಿಗ್ಗಿನ್ಸನ್ನನ ಶುಕ್ರವಾರದ ಪೂರ್ವಾಭ್ಯಾಸಗಳ 25 ಸೆಂಟಿನ ಟಿಕೆಟ್ ಸಾಲಿನಲ್ಲಿದೆ.

ಕಛೇರಿ ಮುಗಿದ ಮೇಲೆ ನನಗೆ ಮೈಸೂರು ನೆನಪಾಯಿತು. ನಮ್ಮ ಕಡೆ ಸಂಗೀತಕ್ಕೆ ಆಸರೆ ಎಂದರೆ ಅರಮನೆ. ಜಯಚಾಮರಾಜ ಒಡೆಯರು ಪಿಯಾನೊ ಬಲ್ಲವರು. ಲಂಡನ್ನಿನ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಕಾಲೂರಲು ನೆರವಾದವರು. ಮೆಡ್ಟ್ನರ್ ಎಂಬ ರಷ್ಯನ್ ರಚನಕಾರ ಇಂಗ್ಲೆಂಡಿನಲ್ಲಿ ಬಡತನದಲ್ಲಿದ್ದಾಗ ಅವನ ಕೃತಿಗಳನ್ನು ಅವನ ಕೈಯಿಂದಲೇ ಧ್ವನಿಮುದ್ರಿಸಲು ಹಣ ಕೊಟ್ಟವರು. 1950ರಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು ಲಂಡನ್ನಿನಲ್ಲಿ ಮೊದಲ ಬಾರಿ ಹಾಡಲ್ಪಟ್ಟದ್ದೂ ಅವರ ಹಣದ ಭರವಸೆಯಿಂದ. ಸಂಗೀತವನ್ನು ತಮ್ಮ ಬೆರಳಿನಲ್ಲಿ ಹಿಡಿಯಬಯಸಿದ ಇಬ್ಬರು, ಒಬ್ಬರು ಸಿಂಹಾಸನದಲ್ಲಿ, ಇನ್ನೊಬ್ಬ ಬ್ಯಾಂಕಿನ ಮೇಜಿನ ಹಿಂದೆ, ಬೇರೆಯವರ ಬೆರಳಿಗೆ ಅನುವು ಮಾಡಿಕೊಟ್ಟರು. ದೊರೆಯ ಖಜಾನೆಯಿಂದ ಬಂದದ್ದನ್ನು ನಾವು ಸಹಜವೆಂದುಕೊಳ್ಳುತ್ತೇವೆ. ವ್ಯಾಪಾರಿ ಪ್ರತಿ ವರ್ಷ ಲೆಕ್ಕ ನೋಡಿ, ಗೊತ್ತಿದ್ದೂ ಚೆಕ್ಕಿಗೆ ರುಜು ಹಾಕಬೇಕು.

ಸಿಂಫನಿ ಹಾಲಿನ ಇದೇ ವೇದಿಕೆಯಲ್ಲಿ ಹಿಗ್ಗಿನ್ಸನ್ನನ ಕೊನೆಯ ವರ್ಷಗಳು ಕಹಿಯಾದವು. ನಿರ್ವಾಹಕ ಕಾರ್ಲ್ ಮುಕ್ ಜರ್ಮನಿಯಲ್ಲಿ ಹುಟ್ಟಿದವನು. ಅಮೆರಿಕ ಮಹಾಯುದ್ಧಕ್ಕಿಳಿದ ವರ್ಷ, 1917ರ ಅಕ್ಟೋಬರ್ 30ರಂದು ಪ್ರಾವಿಡೆನ್ಸ್‌ನ ಕಛೇರಿಗೆ ಮೊದಲು, ಮುಂದೆ ಅಮೆರಿಕದ ರಾಷ್ಟ್ರಗೀತೆಯಾದ ಗೀತೆಯನ್ನು ನುಡಿಸಬೇಕೆಂದು ಬೇಡಿಕೆ ಬಂತು. ಹಿಗ್ಗಿನ್ಸನ್ ಮತ್ತು ವ್ಯವಸ್ಥಾಪಕ ಅದನ್ನು ಬದಿಗಿಟ್ಟರು. ಮುಕ್‌ಗೆ ಆ ಬೇಡಿಕೆಯ ವಿಷಯವೇ ಗೊತ್ತಿರಲಿಲ್ಲ. ಆದರೂ ದೇಶವೆಲ್ಲ ಅವನ ಮೇಲೆ ಎರಗಿತು. ಆಮೇಲೆ ಅವನು ಕಛೇರಿಗಳಲ್ಲಿ ಗೀತೆಯನ್ನು ನುಡಿಸಿದ; ಸಿಟ್ಟು ಇಳಿಯಲಿಲ್ಲ. 1918ರ ಮಾರ್ಚ್ 25ರಂದು, ಬಾಖ್‌ನ ಸೇಂಟ್ ಮ್ಯಾಥ್ಯೂ ಪ್ಯಾಶನ್ ನುಡಿಸುವ ಹಿಂದಿನ ರಾತ್ರಿ, ಅವನ ಬಂಧನವಾಯಿತು. ಜಾರ್ಜಿಯಾದ ಶಿಬಿರದಲ್ಲಿಟ್ಟು, ಯುದ್ಧ ಮುಗಿದ ಮೇಲೆ ದೇಶದಿಂದ ಕಳಿಸಿದರು. ಈ ದೇಶಕ್ಕಾಗಿ ಕೆನ್ನೆಯ ಮೇಲೆ ಕತ್ತಿಯ ಗಾಯ ಹೊತ್ತಿದ್ದ ಮುದುಕನ ನಿಷ್ಠೆಯನ್ನೂ ಜನ ಪ್ರಶ್ನಿಸಿದರು. 83ರ ವಯಸ್ಸಿನಲ್ಲಿ ಹಿಗ್ಗಿನ್ಸನ್ ಆರ್ಕೆಸ್ಟ್ರಾವನ್ನು ಧರ್ಮದರ್ಶಿಗಳ ಮಂಡಳಿಗೆ ಒಪ್ಪಿಸಿ ಕೆಳಗಿಳಿದ. 1919ರ ನವೆಂಬರ್ 14ರಂದು ತೀರಿಕೊಂಡ.

ಮರುದಿನ ಬೆಳಿಗ್ಗೆ ಸಿಂಫನಿ ಹಾಲಿನ ಹತ್ತಿರವೇ ಒಂದನೇ ನಂಬರಿನ ಬಸ್ಸು ಹತ್ತಿದೆವು. ಅದು ಚಾರ್ಲ್ಸ್ ನದಿಯ ಸೇತುವೆ ದಾಟಿ, ಎಂಐಟಿಯ ಕಂಬಗಳನ್ನು ಹಾದು, ಹಾರ್ವರ್ಡ್ ಚೌಕಕ್ಕೆ ತಂದು ಬಿಡುತ್ತದೆ. ಅಲ್ಲಿ ಹಿಗ್ಗಿನ್ಸನ್ನನ ಇನ್ನೊಂದು ಮುಖವಿದೆ. ನದಿಯಾಚೆಯ ದೊಡ್ಡ ಆಟದ ಬಯಲನ್ನು 1890ರಲ್ಲಿ ಅವನು ವಿಶ್ವವಿದ್ಯಾಲಯಕ್ಕೆ ದಾನ ಕೊಟ್ಟು ಸೋಲ್ಜರ್ಸ್ ಫೀಲ್ಡ್ ಎಂದು ಹೆಸರಿಡಿಸಿದ. ಅದೂ ತನ್ನ ಹೆಸರಲ್ಲ. ಆರು ಜನ ಗೆಳೆಯರ ನೆನಪಿಗೆ. ಅವರಲ್ಲಿ ಐವರು ಅಂತರ್ಯುದ್ಧದಲ್ಲಿ ಸತ್ತವರು. ಕಪ್ಪು ಸೈನಿಕರ ದಳದ ಮುಂದೆ ನಿಂತು ಮಡಿದ ರಾಬರ್ಟ್ ಗೌಲ್ಡ್ ಶಾ ಒಬ್ಬ, ಚಾರ್ಲ್ಸ್ ರಸೆಲ್ ಲೊವೆಲ್ ಮತ್ತೊಬ್ಬ.

ನಾನು ಅವಳನ್ನು ಕರೆದೊಯ್ದದ್ದು ಮೆಮೊರಿಯಲ್ ಹಾಲಿಗೆ. ಹಾರ್ವರ್ಡ್‌ನಲ್ಲಿ ಓದಿ ಆ ಯುದ್ಧದಲ್ಲಿ ಉತ್ತರದ ಪರವಾಗಿ ಮಡಿದವರ 136 ಹೆಸರುಗಳು ಇಲ್ಲಿನ ನಡುಹಜಾರದ ಬಿಳಿ ಅಮೃತಶಿಲೆಯ ಫಲಕಗಳಲ್ಲಿವೆ. ಲೊವೆಲ್ಲನ ಹೆಸರಿನ ಮುಂದೆ ನಿಂತೆವು. ಅದೇ ಕಟ್ಟಡದ ಒಂದು ತುದಿಯಲ್ಲಿ ಸ್ಯಾಂಡರ್ಸ್ ಥಿಯೇಟರ್. ಮರದ ಬೆಂಚುಗಳು ಅರ್ಧಚಂದ್ರದಂತೆ ಮೇಲೇರುತ್ತವೆ. ಸಿಂಫನಿ ಹಾಲಿನಲ್ಲಿ ಆ ತ್ರಿಕೋನದ ಟಿಂಗ್ ನಮ್ಮವರೆಗೆ ಬಂದದ್ದಕ್ಕೆ ಕಾರಣ ಇಲ್ಲಿದೆ ಎಂದೆ. ಅವಳು ನಂಬಲಿಲ್ಲ.

1895ರಲ್ಲಿ ಇಲ್ಲೇ ರಸ್ತೆಯಾಚೆ ಫಾಗ್ ವಸ್ತುಸಂಗ್ರಹಾಲಯದ ಹೊಸ ಉಪನ್ಯಾಸ ಕೋಣೆ ಸಿದ್ಧವಾಯಿತು. ಅದರೊಳಗೆ ಮಾತೇ ಅರ್ಥವಾಗುತ್ತಿರಲಿಲ್ಲ. ಆಡಿದ ಒಂದು ಪದ ಐದೂವರೆ ಸೆಕೆಂಡು ಗೋಡೆಯಿಂದ ಗೋಡೆಗೆ ಅಲೆದಾಡಿ, ಮುಂದಿನ ಹತ್ತಾರು ಪದಗಳ ಮೇಲೆ ಬೀಳುತ್ತಿತ್ತು. ಅದನ್ನು ಸರಿಪಡಿಸು ಎಂದು ಹಾರ್ವರ್ಡಿನ ಅಧ್ಯಕ್ಷ ಎಲಿಯಟ್ ಭೌತಶಾಸ್ತ್ರದ ಎಳೆಯ ಅಧ್ಯಾಪಕನಿಗೆ ಹೇಳಿದ. ವಾಲೇಸ್ ಕ್ಲೆಮೆಂಟ್ ಸೇಬಿನ್, ವಯಸ್ಸು 27. ಸದ್ದಿನ ಬಗ್ಗೆ ಅವನಿಗೆ ಹಿಂದಿನ ಅನುಭವವೇನೂ ಇರಲಿಲ್ಲ. ಟ್ರಾಮುಗಳು ನಿಂತು ಊರು ಮಲಗಿದ ಮೇಲೆ, ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಕೆಲಸ. ಆರ್ಗನ್ನಿನ ಒಂದು ಕೊಳವೆ ಊದಿಸುವುದು, ನಿಲ್ಲಿಸುವುದು, ಸದ್ದು ಕಿವಿಗೆ ಪೂರ್ತಿ ಅಡಗುವವರೆಗೆ ಸಮಯ ಅಳೆಯುವುದು. ಆಮೇಲೆ ಸ್ಯಾಂಡರ್ಸ್ ಥಿಯೇಟರಿನ ಬೆಂಚುಗಳ ಮೆತ್ತೆಗಳನ್ನು ಸಹಾಯಕರೊಂದಿಗೆ ಹೊತ್ತು ತಂದು ಹಾಸುವುದು, ಮತ್ತೆ ಅಳೆಯುವುದು. ಮೆತ್ತೆ ಹೆಚ್ಚಿದಂತೆ ಸದ್ದಿನ ಬಾಲ ಕುಗ್ಗಿತು. ಎಲ್ಲ ಮೆತ್ತೆಗಳನ್ನೂ ತುಂಬಿದಾಗ ಐದೂವರೆ ಸೆಕೆಂಡು ಒಂದರ ಆಸುಪಾಸಿಗೆ ಇಳಿಯಿತು.

1898ರ ಶರತ್ಕಾಲದಲ್ಲಿ ಅವನಿಗೆ ಸೂತ್ರ ಹೊಳೆಯಿತು. ಕೋಣೆ ಎಷ್ಟು ದೊಡ್ಡದೋ ಸದ್ದು ಅಷ್ಟು ಹೊತ್ತು ಉಳಿಯುತ್ತದೆ. ಒಳಗಿನ ಬಟ್ಟೆ, ಮರ, ಜನರ ಮೈ ಎಷ್ಟು ಹೀರುತ್ತವೋ ಅಷ್ಟು ಬೇಗ ಅಡಗುತ್ತದೆ. ಆಗಲೇ ಹಿಗ್ಗಿನ್ಸನ್ ಹೊಸ ಭವನ ಕಟ್ಟಲು ಹೊರಟಿದ್ದ. ವಾಸ್ತುಶಿಲ್ಪಿ ಮ್ಯಾಕ್ಕಿಮ್ ಮೊದಲು ಬರೆದದ್ದು ಗ್ರೀಕರ ಬಯಲು ರಂಗದಂಥ ಅರ್ಧವೃತ್ತದ ನಕ್ಷೆ. ಅದನ್ನು ಬಿಟ್ಟು, ಲೈಪ್ಸಿಗ್‌ನ ಗೆವಾಂಡ್‌ಹೌಸ್‌ನಂತೆ ಉದ್ದ ಪೆಟ್ಟಿಗೆಯ ಆಕಾರ ಹಿಡಿದರು. ಆದರೆ ಬಾಸ್ಟನ್ನಿಗೆ ಅದಕ್ಕಿಂತ ಸಾವಿರಕ್ಕೂ ಹೆಚ್ಚು ಆಸನ ಬೇಕಿತ್ತು. ಅದೇ ಆಕಾರವನ್ನು ಹಿಗ್ಗಿಸಿದ್ದರೆ ಸದ್ದು ಹೆಚ್ಚು ಹೊತ್ತು ಉಳಿದು ಸಂಗೀತ ಕಲಸಿಹೋಗುತ್ತಿತ್ತು. ಸೇಬಿನ್ ಲೆಕ್ಕ ಹಾಕಿ ಎರಡನೆಯ ಬಾಲ್ಕನಿ ಸೇರಿಸಲು ಹೇಳಿದ. ನಾವು ಹಿಂದಿನ ದಿನ ಕೂತಿದ್ದ ಆ ಬಾಲ್ಕನಿ! ವೇದಿಕೆಯ ಗೋಡೆಗಳು ಒಳಮುಖವಾಗಿ ಓರೆಯಾದವು. ಗೂಡುಗಳೂ ಆ ಪ್ರತಿಮೆಗಳೂ ಚಾವಣಿಯ ಚೌಕಗಳೂ ಸದ್ದನ್ನು ಚೆದುರಿಸಿ ಹರಡುತ್ತವೆ. 1900ರ ಅಕ್ಟೋಬರ್ 15ರಂದು ಬೀಥೋವನ್‌ನ ಮಿಸ್ಸಾ ಸೊಲೆಮ್ನಿಸ್‌ನೊಂದಿಗೆ ಬಾಗಿಲು ತೆರೆಯಿತು. ಅಳತೆ ಮಾಡಿದ ವಿಜ್ಞಾನದ ಮೇಲೆ ನಿಂತ ಜಗತ್ತಿನ ಮೊದಲ ಸಂಗೀತ ಭವನ ಅದು. ಸೇಬಿನ್ ಇದಕ್ಕೆ ಹಣ ಪಡೆಯಲಿಲ್ಲ. ಹಿಗ್ಗಿನ್ಸನ್ ತೀರಿದ ವರ್ಷವೇ, ಐವತ್ತರ ವಯಸ್ಸಿನಲ್ಲಿ, ಅವನೂ ತೀರಿಕೊಂಡ.

ಗೆಳೆಯರ ಹೆಸರು ಕೆತ್ತಿದ ಈ ಕಟ್ಟಡದ ಮೆತ್ತೆಗಳಿಂದಲೇ ತನ್ನ ಭವನದ ನಾದ ಅಳೆಯಲ್ಪಟ್ಟಿತೆಂಬುದನ್ನು ಹಿಗ್ಗಿನ್ಸನ್ ಎಂದಾದರೂ ಕೂತು ಯೋಚಿಸಿರಬಹುದೇ? ನಾನು ಅದನ್ನೇ ನೆನೆಯುತ್ತ ನಿಂತಿದ್ದೆ. ಅಣ್ಣನ ಮಗಳು ಬೆಂಚಿನ ಮೇಲೆ ಕೂತು, ಅದರ ಮರವನ್ನು ಬೆರಳಿನಿಂದ ಬಡಿದು ನೋಡುತ್ತಿದ್ದಳು.

"ಆ ಮೆತ್ತೆಗಳನ್ನ ವಾಪಸ್ ತಂದಿಟ್ರಾ ಚಿಕ್ಕಪ್ಪ?"

"ಪ್ರತಿ ಸಲವೂ ತಂದಿಡ್ತಿದ್ರಮ್ಮ. ಬೆಳಗಾದ್ರೆ ಇಲ್ಲಿ ಜನ ಬಂದು ಕೂರಬೇಕಲ್ಲ!"